ಹನ್ನೆರಡು ದಿನದ ನಿಧಾನ ಪ್ರವಾಸ

ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೂರನೆಯ ದಿನ ಆಪರೇಟರಮ್ಮ ಊಟದ ಮೇಜಿನ ಮೇಲೆ, ಅನ್ನದ ಪಾತ್ರೆಯ ಪಕ್ಕದಲ್ಲಿ, ಮೂರು ಬಣ್ಣಬಣ್ಣದ ಪುಸ್ತಿಕೆಗಳನ್ನು ಇಟ್ಟು, "ಇಟಲಿಗೆ ಹೋಗೋಣ ಅಂತಿದೀನಿ" ಎಂದಳು.

ಅವಳ ಗಂಡ ಮೇಸ್ತ್ರಿ ಎತ್ತಿದ ತುತ್ತನ್ನು ಹಾಗೇ ಹಿಡಿದು ಕೂತ. ಮಗಳು ನಕ್ಕಳು. ಮೇಸ್ತ್ರಿಯ ತಾಯಿ, ಎಂಬತ್ನಾಲ್ಕು ವರ್ಷದ ಅಜ್ಜಿ, ಮಂಚದ ಮೇಲಿಂದಲೇ ಕೇಳಿದಳು: "ಯಾರಿಗೆ ಹುಷಾರಿಲ್ಲ?"

"ಯಾರಿಗೂ ಏನೂ ಆಗಿಲ್ಲ ಅತ್ತೆ. ಊರು ನೋಡೋಕೆ."

"ಊರು ನೋಡೋಕೆ ಅಷ್ಟು ದೂರ ಯಾಕೆ? ಈ ಬೀದಿ ತುದೀಲಿ ಹೊಸ ಪಾರ್ಕ್ ಆಗಿದೆಯಂತೆ. ಅದನ್ನೇ ಯಾರೂ ನನಗೆ ತೋರಿಸಿಲ್ಲ."

ಆಪರೇಟರಮ್ಮ ಮೂವತ್ನಾಲ್ಕು ವರ್ಷ ದೊಡ್ಡಾಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಕೂತಿದ್ದವಳು. ನೆಲಮಾಳಿಗೆಯಲ್ಲಿ, ಲಿಫ್ಟಿನ ಹಿಂದೆ, ಕಿಟಕಿಯಿಲ್ಲದ ಕೋಣೆ. ಊರಿನ ಅರ್ಧ ಜನರ ದನಿ ಅವಳಿಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಮೇಸ್ತ್ರಿ ಅಮೃತಶಿಲೆಯ ನೆಲ ಹಾಕುತ್ತಿದ್ದವನು. ಯಾವ ಕಲ್ಲು ತೋರಿಸಿದರೂ "ಇಟಲಿ ಕಲ್ಲಿನ ಮುಂದೆ ಇದೇನು ಮಹಾ" ಎನ್ನುತ್ತಿದ್ದದ್ದರಿಂದ ಬೀದಿಯವರಿಗೆ ಅವನು ಇಟಲಿ ಮೇಸ್ತ್ರಿ. ಹನ್ನೆರಡು ವರ್ಷದ ಹಿಂದೆ ಮಂಡಿ ಕೈಕೊಟ್ಟಿತೆಂದು ಹೇಳಿ ದೊಡ್ಡ ಕೆಲಸಗಳನ್ನೆಲ್ಲ ಬಿಟ್ಟಿದ್ದ. ಆಮೇಲೆ ಮಾಡಿದ್ದು ನೆರೆಮನೆಯವರ ಹೊಸ್ತಿಲು, ಅಡುಗೆ ಕಟ್ಟೆ, ಅಷ್ಟೇ. ಮನೆ ನಡೆದದ್ದು ಟೆಲಿಫೋನ್ ಕೋಣೆಯಿಂದ.

ಮಗಳಿಗೆ ಮೂವತ್ತೆರಡು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಮದುವೆ ಯಾವಾಗ ಎಂದು ಯಾರಾದರೂ ಕೇಳಿದರೆ "ನಿಮ್ಮ ಪವರ್ ಬದಲಾಗಿರಬೇಕು, ದೂರದ್ದೆಲ್ಲ ಕಾಣ್ತಿದೆ, ಒಂದ್ಸಲ ಅಂಗಡಿಗೆ ಬನ್ನಿ" ಎನ್ನುವವಳು. ಅವಳೇ ಪುಸ್ತಿಕೆಗಳನ್ನು ಗಟ್ಟಿಯಾಗಿ ಓದಿದಳು.

"ಇದು ಎಂಟು ದಿನ, ಏಳು ಊರು. ಬೆಳಿಗ್ಗೆ ಐದೂವರೆಗೆ ಪೆಟ್ಟಿಗೆ ಬಾಗಿಲ ಹೊರಗೆ ಇಡಬೇಕಂತೆ."

"ಅದಕ್ಕಿಂತ ಆಸ್ಪತ್ರೆ ಡ್ಯೂಟಿನೇ ವಾಸಿ," ಎಂದಳು ಆಪರೇಟರಮ್ಮ.

"ಇದು ಹತ್ತು ದಿನ. ಒಂದು ದಿನಕ್ಕೆ ಮೂರು ಮ್ಯೂಸಿಯಂ."

"ಕಾಲು ಯಾರದು?"

"ಇದು ಹನ್ನೆರಡು ದಿನ. ನಿಧಾನ ಪ್ರವಾಸ. ಮೂರೇ ಊರು. ಫ್ಲಾರೆನ್ಸಲ್ಲಿ ಐದು ದಿನ ಒಂದೇ ಹೋಟೆಲು. ಬೆಳಿಗ್ಗೆ ಗೈಡ್ ಜೊತೆ ಸುತ್ತಾಟ, ಮಧ್ಯಾಹ್ನದ ಮೇಲೆ ನಿಮ್ಮಿಷ್ಟ."

"ಇದು," ಎಂದು ಆಪರೇಟರಮ್ಮ ಆ ಪುಸ್ತಿಕೆಯನ್ನು ಕೈಗೆ ತೆಗೆದುಕೊಂಡಳು. ಅದರಲ್ಲಿ ಅರ್ಧ ಪುಟದ ಒಂದು ಚಿತ್ರವಿತ್ತು. 'ಫ್ಲಾರೆನ್ಸಿನಲ್ಲಿ ನಿಮ್ಮ ಹೋಟೆಲಿನ ಲಾಬಿ' ಎಂದು ಕೆಳಗೆ ಬರೆದಿತ್ತು. ಎತ್ತರದ ಕಿಟಕಿ, ಕಿಟಕಿಯ ಪಕ್ಕ ಎರಡು ಹಳದಿ ಕುರ್ಚಿ, ನಡುವೆ ಹೂದಾನಿ ಇಟ್ಟ ದುಂಡು ಮೇಜು, ಕನ್ನಡಿಯ ಹಾಗೆ ಹೊಳೆಯುವ ಬಿಳಿ ನೆಲ. "ಈ ಕುರ್ಚೀಲಿ ಒಂದು ಮಧ್ಯಾಹ್ನ ಪೂರ್ತಿ ಸುಮ್ನೆ ಕೂತಿರ್ತೀನಿ. ನೀವು ಆ ಕಡೆ ಕುರ್ಚೀಲಿ ಕೂತ್ಕೊಳ್ಳಿ ರೀ."

ಮೇಸ್ತ್ರಿ ಎಡಗೈಯಿಂದ ಪುಸ್ತಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಬಹಳ ಹೊತ್ತು ನೋಡಿದ.

ಕಲ್ಲು ಇಟಲಿಯದೇ. ಆದರೆ ನೆಲ ಇದೇ ಊರಿನದು, ರೈಲು ನಿಲ್ದಾಣದ ಹಿಂದಿರುವ ದೊಡ್ಡ ಹೋಟೆಲಿನದು. ಹಾಕಿದವನು ತಾನೇ. ಒಂದೇ ಬಂಡೆಯಿಂದ ಸೀಳಿದ ನಾಲ್ಕು ಚಪ್ಪಡಿಗಳನ್ನು ಪುಸ್ತಕ ಬಿಚ್ಚಿದ ಹಾಗೆ ಜೋಡಿಸಿದರೆ ಬೂದು ಗೆರೆಗಳು ಒಂದನ್ನೊಂದು ಕೂಡಿ ನಡುವೆ ಹೂವಿನಂತೆ ಅರಳುತ್ತವೆ. ಅಂಟು ಹಾಕುವ ಮೊದಲು ಒಣ ನೆಲದ ಮೇಲೆ ಒಮ್ಮೆ ಜೋಡಿಸಿ ನೋಡಬೇಕು. ಕೆಲಸ ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವುದೇ ಅದು. ಅವತ್ತು ಮೇಸ್ತ್ರಿ "ನನ್ನ ಕಣ್ಣು ಸಾಕು" ಎಂದು ಅದನ್ನು ಬಿಟ್ಟಿದ್ದ. ನಾಲ್ಕನೆಯ ಚಪ್ಪಡಿ ತಲೆಕೆಳಗಾಗಿ ಕೂತಿತು. ಮರುದಿನದ ಬೆಳಕಿನಲ್ಲಿ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಅಂಟು ಬಿಗಿದಾಗಿತ್ತು, ಆ ಬಂಡೆಯ ಇನ್ನೊಂದು ಚಪ್ಪಡಿ ಎಲ್ಲೂ ಉಳಿದಿರಲಿಲ್ಲ. ಕಂಟ್ರಾಕ್ಟರ್ ಎಲ್ಲ ಕೆಲಸಗಾರರ ಮುಂದೆ ಅವನನ್ನು ಹೊರಗೆ ಕಳಿಸಿದ. ಹೋಟೆಲಿನವರು ತಪ್ಪಿನ ಮೇಲೆ ಒಂದು ದುಂಡು ಮೇಜು ಇಟ್ಟರು. ಸುದ್ದಿ ಕಸುಬಿನವರಲ್ಲೆಲ್ಲ ಹರಡಿತು, ಯಾರೂ ದೊಡ್ಡ ಕೆಲಸಕ್ಕೆ ಕರೆಯಲಿಲ್ಲ. ಮನೆಯಲ್ಲಿ ಅವನು ಹೇಳಿದ್ದು ಮಂಡಿಯ ಕಥೆ.

ಮೇಜಿನ ಕಾಲಿನಿಂದ ಆಚೆಗೆ ದಾರಿ ತಪ್ಪಿದ ಗೆರೆ ಚಿತ್ರದಲ್ಲೂ ಕಾಣುತ್ತಿತ್ತು.

"ಇದು ಬೇಡ," ಎಂದ ಮೇಸ್ತ್ರಿ.

"ಯಾಕೆ?"

"ಬೇಡ ಅಂದ್ರೆ ಬೇಡ. ಸಣ್ಣ ಕಂಪನಿ. ನಂಬೋ ಹಾಗಿಲ್ಲ."

"ಅದೇ ಯಾಕೆ ನಂಬೋ ಹಾಗಿಲ್ಲ, ಹೇಳಿ."

"ನೋಡಿದ್ರೆ ಗೊತ್ತಾಗುತ್ತೆ."

"ನನಗೆ ಗೊತ್ತಾಗ್ತಿಲ್ವಲ್ಲ."

ಅವನು ಎದ್ದು ಕೈ ತೊಳೆಯಲು ಹೋದ. ಕಂಪನಿ ಸುಳ್ಳು ಚಿತ್ರ ಹಾಕಿದೆ ಎಂದು ಹೇಳುವುದೇನೋ ಸುಲಭ. ಅದು ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಹನ್ನೆರಡು ವರ್ಷದಿಂದ ಹೇಳದೇ ಇದ್ದದ್ದನ್ನೂ ಹೇಳಬೇಕಾಗುತ್ತಿತ್ತು.

ಮರುದಿನ ಬಟ್ಟೆ ಒಣಹಾಕುವಾಗ ಆಪರೇಟರಮ್ಮ ಮತ್ತೆ ಕೇಳಿದಳು. ಅವನು ಹಗ್ಗ ಬಿಗಿಯುತ್ತಾ "ಅಷ್ಟು ನಡೆಯೋಕೆ ನನ್ನ ಮಂಡಿ ಕೇಳಲ್ಲ" ಎಂದ. ಅದರ ಮರುದಿನ ಸೊಪ್ಪು ಬಿಡಿಸುವಾಗ ಕೇಳಿದಳು. "ಅಮ್ಮನ್ನ ಯಾರು ನೋಡ್ಕೋತಾರೆ?" ಎಂದ.

"ನಾನಿಲ್ವಾ?" ಎಂದಳು ಮಗಳು.

"ಇವಳ ಕೈಕೆಳಗೆ ಹನ್ನೆರಡು ದಿನ!" ಎಂದಳು ಅಜ್ಜಿ. "ಅದಕ್ಕಿಂತ ನನ್ನನ್ನೂ ಆ ಬಸ್ಸಿನ ಮೇಲೆ ಸಾಮಾನಿನ ಜೊತೆ ಕಟ್ಟಿಬಿಡಿ."

"ಅಜ್ಜಿ, ನಿನಗೆ ಹೊತ್ತುಹೊತ್ತಿಗೆ ಊಟ ಹಾಕೋದು ಯಾರು ಈಗ?"

"ಉಪ್ಪು ಹಾಕದೆ ಹಾಕ್ತೀಯ, ಅದನ್ನೂ ಹೇಳು."

ನಾಲ್ಕನೆಯ ದಿನವೂ ಆಪರೇಟರಮ್ಮ ಕೇಳಿದಳು. ಮೇಸ್ತ್ರಿ ರೇಡಿಯೊದ ದನಿ ಸ್ವಲ್ಪ ಏರಿಸಿದ. ಅವಳು ಒಳಗೆ ಹೋಗಿ, ಆಸ್ಪತ್ರೆಗೆ ಹಾಕಿಕೊಂಡು ಹೋಗುತ್ತಿದ್ದ ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಹೊರಟಳು. ಒಂದೂವರೆ ಗಂಟೆಯ ಮೇಲೆ ಒಂದು ಬ್ರೆಡ್ಡು ಹಿಡಿದು ಬಂದಳು. ಬ್ರೆಡ್ಡಿಗೆ ಅಷ್ಟು ಹೊತ್ತು ಯಾಕಾಯಿತೆಂದು ಯಾರೂ ಕೇಳಲಿಲ್ಲ.

ಎರಡನೆಯ ವಾರ ಮೇಸ್ತ್ರಿ ತಾನೇ ಪುಸ್ತಿಕೆ ತರಲು ಶುರುಮಾಡಿದ. ಬೇರೆ ಒಳ್ಳೆಯ ಪ್ರವಾಸವೊಂದು ಸಿಕ್ಕಿದರೆ ಮೂರನೆಯದನ್ನು ಅವಳು ಮರೆತಾಳು, ತಾನು ಏನೂ ಹೇಳಬೇಕಾಗಿ ಬರುವುದಿಲ್ಲ ಎಂದು ಲೆಕ್ಕ ಹಾಕಿದ್ದ. ಪೇಟೆಯಲ್ಲಿದ್ದ ಪ್ರವಾಸದ ಕಚೇರಿಗಳನ್ನೆಲ್ಲ ಸುತ್ತಿದ. ಗಾಜಿನ ಬಾಗಿಲ ಹೊರಗೆ ಚಪ್ಪಲಿಯ ಮಣ್ಣು ಒರೆಸಿ ಒಳಗೆ ಹೋಗಿ, ಕುರ್ಚಿಯ ತುದಿಯಲ್ಲಿ ಕೂತು, "ಇಟಲಿದು ಏನಿದ್ರೂ ಕೊಡಿ" ಎನ್ನುತ್ತಿದ್ದ. ಸಂಜೆ ಊಟದ ಮೇಜಿಗೆ ಕೂತು ಓದುತ್ತಿದ್ದ. ಆ ಮನೆಯಲ್ಲಿ ಮೇಸ್ತ್ರಿ ಅಷ್ಟು ಮಾತಾಡಿದ್ದನ್ನು ಮಗಳು ಕಂಡಿರಲಿಲ್ಲ.

"ಇದರಲ್ಲಿ ಬೆಟ್ಟದಿಂದ ಕಲ್ಲು ತೆಗೆಯೋ ಜಾಗ ತೋರಿಸ್ತಾರೆ. ಬಸ್ಸು ಅಲ್ಲೇ ಎರಡು ಗಂಟೆ ನಿಲ್ಲುತ್ತೆ."

"ನೀವು ಕಲ್ಲು ನೋಡ್ತೀರಿ. ನಾನೇನು ಮಾಡ್ಲಿ?"

"ನೀನೂ ನೋಡು."

"ಕಲ್ಲನ್ನಾ?"

"ಕಲ್ಲು ಅಂದ್ರೆ ಏನು ಅಂತ ತಿಳ್ಕೊಂಡಿದೀಯ? ಬೆಟ್ಟ ಪೂರ್ತಿ ಬಿಳೀದು. ದೂರದಿಂದ ಹಿಮ ಬಿದ್ದ ಹಾಗೆ ಕಾಣುತ್ತಂತೆ. ಒಂದೊಂದು ಗಣಿಗೆ ಒಂದೊಂದು ಬಣ್ಣ. ಬೆರಳಲ್ಲಿ ತಟ್ಟಿದ್ರೆ ಒಳ್ಳೆ ಕಲ್ಲು ಗಂಟೆ ಹಾಗೆ ಸದ್ದು ಮಾಡುತ್ತೆ, ಬಿರುಕು ಇದ್ರೆ ಮಡಕೆ ಹಾಗೆ."

ಆಪರೇಟರಮ್ಮ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು. "ಹೌದಾ? ಇದನ್ನ ಯಾವತ್ತೂ ಹೇಳಿರಲಿಲ್ಲ."

"ನೀನು ಕೇಳಿರಲಿಲ್ಲ."

"ಸರಿ. ಇದರಲ್ಲಿ ಕೂತ್ಕೊಳ್ಳೋದು ಎಲ್ಲಿ?"

ಪ್ರತಿ ಪುಸ್ತಿಕೆಗೂ ಅವಳ ಕೊನೆಯ ಪ್ರಶ್ನೆ ಅದೇ. ಮೇಸ್ತ್ರಿ ಬೆರಳಿಟ್ಟು ಕಾರ್ಯಕ್ರಮದ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿ, "ಬಸ್ಸಲ್ಲಿ" ಎಂದ.

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮಗಳೂ ನಕ್ಕಳು. ಆಪರೇಟರಮ್ಮ ನಗುತ್ತಾ ಎದ್ದು ಅವನಿಗೆ ಇನ್ನೊಂದು ಲೋಟ ಚಹಾ ತಂದಿಟ್ಟು, "ನಾಳೆ ಇನ್ನೊಂದು ಸಿಕ್ಕಿದ್ರೆ ತನ್ನಿ, ನೋಡೋಣ" ಎಂದಳು. ಹನ್ನೊಂದು ಪುಸ್ತಿಕೆ ಬಂದವು. ಒಂದನ್ನೂ ಅವಳು ಒಪ್ಪಲಿಲ್ಲ, ಒಂದನ್ನೂ ಓದಬೇಡಿ ಎನ್ನಲಿಲ್ಲ.

ಮೂರನೆಯ ವಾರದ ಬುಧವಾರ ಮೇಸ್ತ್ರಿ ಮಗಳ ಅಂಗಡಿಗೆ ಹೋದ. ಗಿರಾಕಿಗಳಿರಲಿಲ್ಲ. ಮಗಳು ಒಂದು ಫ್ರೇಮಿನ ಸ್ಕ್ರೂ ಬಿಗಿಯುತ್ತಿದ್ದಳು.

"ಏನಪ್ಪ, ಇಲ್ಲಿಗೆ?"

"ಒಂದು ಭೂತಗನ್ನಡಿ ಕೊಡು. ಐದು ನಿಮಿಷ."

ಅವನು ಜೇಬಿನಿಂದ ಮಡಚಿದ ಪುಸ್ತಿಕೆ ತೆಗೆದು, ಕನ್ನಡಿ ಹಿಡಿದು, ಬಗ್ಗಿ ನೋಡತೊಡಗಿದ. ಇದು ಆ ನೆಲ ಅಲ್ಲ ಎಂದು ಖಚಿತವಾದರೆ ಎಲ್ಲ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಮಗಳು ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಅದೇ ಪುಸ್ತಕ ಅಲ್ವಾ? ಅಮ್ಮ ಹುಡುಕ್ತಿದ್ಳು. ನೀನು ಇಟ್ಕೊಂಡಿದೀಯಾ?"

"ಈ ನೆಲ ನಾನು ಹಾಕಿದ್ದು."

"ಯಾವ ನೆಲ?"

"ಇದೇ. ರೈಲ್ವೆ ಸ್ಟೇಷನ್ ಹಿಂದಿನ ಹೋಟೆಲು."

ಮಗಳು ಚಿತ್ರ ನೋಡಿ ಜೋರಾಗಿ ನಕ್ಕಳು. "ಹಾಗಾದ್ರೆ ಅಮ್ಮನಿಗೆ ಹೇಳು! ಮೂರು ವಾರದಿಂದ ಯಾಕೆ ಮುಖ ಗಂಟು ಹಾಕ್ಕೊಂಡು ಕೂತಿದೀಯ?"

"ಹೇಗೆ ಗುರುತು ಹಿಡಿದ್ರಿ ಅಂತ ಕೇಳ್ತಾಳೆ."

"ಕೇಳಲಿ."

ಅವನು ಮೇಜಿನ ಕಾಲಿನ ಹತ್ತಿರ ಬೆರಳಿಟ್ಟು ತೋರಿಸಿದ. ಹೇಳಿದ. ಮಗಳ ನಗು ನಿಂತಿತು. ಅವಳು ಬೇರೊಂದೇ ದನಿಯಲ್ಲಿ ಕೇಳಿದಳು: "ಅಂದ್ರೆ ಮಂಡಿ?"

"ಸ್ವಲ್ಪ ನೋವಿತ್ತು."

"ಪ್ರತಿ ವರ್ಷ ನಿನ್ನ ಹುಟ್ಟಿದ ದಿನಕ್ಕೆ ಮಂಡಿ ಪಟ್ಟಿ ತಂದುಕೊಡ್ತಿದೀನಲ್ಲಪ್ಪ. ಹನ್ನೆರಡು ಜೊತೆ!"

"ಚಳಿಗೆ ಬೆಚ್ಚಗಿರುತ್ತೆ."

"ಅಮ್ಮ ದಿನಾ ಡ್ಯೂಟಿಯಿಂದ ಬಂದು ಎಣ್ಣೆ ತಿಕ್ತಿದ್ಳು. ಆಗಲಾದ್ರೂ ಬಾಯಿಗೆ ಬರಲಿಲ್ವಾ?"

ಮೇಸ್ತ್ರಿ ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿ ಅವಳ ಮುಂದೆ ಇಟ್ಟ.

"ಆ ಪ್ರವಾಸಕ್ಕೆ ಹೆಸರು ಕೊಡೋಕೆ ಶನಿವಾರ ಕೊನೆ," ಎಂದಳು ಮಗಳು. "ಅಷ್ಟರೊಳಗೆ ನೀನು ಹೇಳು. ಇಲ್ಲ ಅಂದ್ರೆ ನಾನು ಹೇಳ್ತೀನಿ. ಮೋಸದ ಫೋಟೋ ನೋಡಿ ಅವಳು ಹೋಗೋದು ಬೇಡ. ನಿನ್ನ ಸಿಟ್ಟಿಗೆ ಹೆದರಿ ಹೋಗದೇ ಇರೋದೂ ಬೇಡ."

ಗುರುವಾರ ಬೆಳಿಗ್ಗೆ ಅವನು ಹೇಳಬೇಕೆಂದು ಅಡುಗೆಮನೆಗೆ ಹೋದ. ಅಷ್ಟರಲ್ಲಿ ಅಜ್ಜಿ "ಬಾತ್‌ರೂಮಿಗೆ ಯಾರಾದ್ರೂ ಕೈ ಹಿಡೀರಿ" ಎಂದು ಕೂಗಿದಳು. ಸಂಜೆ ಹೇಳಬೇಕೆಂದಿದ್ದ, ಪಕ್ಕದ ಮನೆಯವಳು ಬಂದು ಎರಡು ಗಂಟೆ ಕೂತಳು. ಶುಕ್ರವಾರ ಬೆಳಗಿನ ತಿಂಡಿಯ ಹೊತ್ತು ಮಗಳು ತಟ್ಟೆಯಿಂದ ತಲೆಯೆತ್ತದೆ ತಿಂದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ ಅಪ್ಪನನ್ನೊಮ್ಮೆ ನೋಡಿದಳು.

ಆ ಮಧ್ಯಾಹ್ನ ಅಜ್ಜಿ ಮಲಗಿದ್ದಳು. ಆಪರೇಟರಮ್ಮ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಒರೆಸುತ್ತಿದ್ದಳು. ಮೇಸ್ತ್ರಿ ಬಾಗಿಲಲ್ಲಿ ಬಂದು ನಿಂತ.

"ಒಂದು ವಿಷಯ."

"ಆ ಒಣ ಬಟ್ಟೆ ಕೊಡಿ ಇಲ್ಲಿ."

ಕೊಟ್ಟ. "ಆ ಮೂರನೇ ಪುಸ್ತಕದಲ್ಲಿರೋ ಹೋಟೆಲು ಇಟಲಿದಲ್ಲ."

"ಗೊತ್ತು."

"ಏನು ಗೊತ್ತು?"

"ಅದು ಇಟಲಿದಲ್ಲ ಅಂತ. ಮೊದಲನೇ ವಾರಾನೇ ಫೋನ್ ಮಾಡಿದ್ದೆ." ಅವಳು ಮುಚ್ಚಳ ಒರೆಸುತ್ತಲೇ ಹೇಳಿದಳು. "ನಂಬರ್ ಹುಡುಕೋದೇ ನನ್ನ ಕೆಲಸ ಆಗಿತ್ತಲ್ಲ. ಸೀದಾ ಆ ಹೋಟೆಲಿಗೇ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು, ಅವಳ ಇಂಗ್ಲಿಷೂ ನನ್ನ ಹಾಗೇ. ಲಾಬಿ ಗೀಬಿ ಏನೂ ಇಲ್ವಂತೆ. ಮೆಟ್ಟಿಲ ಕೆಳಗೆ ಒಂದು ಮೇಜು, ಎರಡು ಕುರ್ಚಿ. ಆಮೇಲೆ ಇಲ್ಲಿನ ಆಫೀಸಿನವಳನ್ನ ಕೇಳಿದೆ. ಒಳ್ಳೆ ಫೋಟೋ ಇರಲಿಲ್ಲ ಮೇಡಂ, ಯಾವುದೋ ಒಂದು ಸಿಕ್ತು, ಹಾಕಿದ್ವಿ ಅಂದಳು. ಬಸ್ಸು ನಿಜ, ಊರು ನಿಜ, ಮಧ್ಯಾಹ್ನದ ಬಿಡುವು ನಿಜ. ಫೋಟೋ ಕಟ್ಕೊಂಡು ನನಗೇನು?"

"ಹಾಗಾದ್ರೆ ಆ ಫೋಟೋ ಎಲ್ಲಿದು ಅಂತ..."

"ಎಲ್ಲಿದು?"

ಅವಳು ಕೈಯ ಕೆಲಸ ನಿಲ್ಲಿಸಿ ಅವನನ್ನು ನೋಡಿದಳು. ಮೇಸ್ತ್ರಿ ಹೇಳಿದ. ಒಣ ನೆಲದ ಮೇಲೆ ಜೋಡಿಸದೇ ಇದ್ದದ್ದು, ತಲೆಕೆಳಗಾದ ಚಪ್ಪಡಿ, ಕಂಟ್ರಾಕ್ಟರ್ ಎಲ್ಲರ ಮುಂದೆ ಅಂದ ಮಾತು, ದುಂಡು ಮೇಜು. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ.

"ಕೆಲಸ ಹೋಗಿದ್ದು ಗೊತ್ತಿತ್ತು," ಎಂದಳು ಆಪರೇಟರಮ್ಮ. "ಯಾಕೆ ಅಂತ ಗೊತ್ತಿರಲಿಲ್ಲ."

ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಸೈಟಲ್ಲಿ ತುರ್ತಿಗೆ ಅಂತ ಆಸ್ಪತ್ರೆ ನಂಬರ್ ಬರೆಸಿದ್ರಿ ನೀವು. ನೆನಪಿದೆಯಾ? ಅಲ್ಲಿನ ಗುಮಾಸ್ತ ಫೋನ್ ಮಾಡಿದ. ನಾನೇ ಎತ್ತಿದ್ದು. ಮೇಸ್ತ್ರಿನ ಕೆಲಸದಿಂದ ತೆಗೆದುಬಿಟ್ರು, ಪಾಪ, ಸಾಮಾನೂ ಬಿಟ್ಟು ಹೊರಟು ಹೋದ್ರು, ಬಂದು ತಗೊಂಡು ಹೋಗೋಕೆ ಹೇಳಿ ಅಂದ. ಹೇಳ್ತೀನಿ ಅಂದೆ. ಮೂವತ್ನಾಲ್ಕು ವರ್ಷದಲ್ಲಿ ನಾನು ತಲುಪಿಸದೇ ಬಿಟ್ಟಿದ್ದು ಅದೊಂದೇ."

"ಹನ್ನೆರಡು ವರ್ಷ!"

"ಹೂಂ."

"ಒಂದು ಮಾತು ಕೇಳಬಹುದಿತ್ತಲ್ಲ ನೀನು."

"ಕೇಳಬಹುದಿತ್ತು." ಅವಳು ಡಬ್ಬದ ಮುಚ್ಚಳ ತಿರುಗಿಸಿದಳು, ಮತ್ತೆ ಬಿಚ್ಚಿದಳು. "ಲೈನಲ್ಲಿ ಕಿವಿಗೆ ಬಿದ್ದದ್ದನ್ನ ಬಾಯಿಗೆ ತರಬಾರದು ಅಂತ ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ರು. ಅದೇ ಅಭ್ಯಾಸ ಅಂತ ನನಗೆ ನಾನೇ ಹೇಳ್ಕೊಂಡೆ. ಅದು ನೆಪ. ನೀವೇ ಹೇಳಲಿ ಅಂತ ಇತ್ತು. ಎಣ್ಣೆ ತಿಕ್ಕೋವಾಗೆಲ್ಲ ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅನ್ಕೊಂಡೆ. ಆಮೇಲೆ ಬರೀ ಎಣ್ಣೆ ತಿಕ್ಕಿದೆ."

"ಈಗ ಹೇಳಿದೆನಲ್ಲ."

"ಮಗಳು ಹೇಳು ಅಂದಳು, ಹೇಳಿದ್ರಿ. ಬೆಳಿಗ್ಗೆ ಅವಳು ನನ್ನ ಮುಖ ನೋಡದೇ ತಿಂಡಿ ತಿಂದಳು. ಅಷ್ಟು ಸಾಕು ನನಗೆ."

ಒಳಗಿನ ಕೋಣೆಯಲ್ಲಿ ಅಜ್ಜಿ ಮಗ್ಗುಲು ಬದಲಿಸಿದ ಸದ್ದಾಯಿತು. ಇಬ್ಬರೂ ದನಿ ತಗ್ಗಿಸಿದರು.

"ಸರಿ, ಆಗಿದ್ದಾಯ್ತು," ಎಂದ ಮೇಸ್ತ್ರಿ. "ಅದೇ ಪ್ರವಾಸಕ್ಕೇ ಹೋಗೋಣ. ಹೆಸರು ಕೊಡು."

"ಕೊಟ್ಟಾಗಿದೆ."

"ಇಬ್ಬರದೂನಾ?"

"ಒಬ್ಬಳದು." ಅವಳು ಇನ್ನೊಂದು ಡಬ್ಬ ಎತ್ತಿಕೊಂಡಳು. "ನಾಲ್ಕು ದಿನ ಕೇಳಿದೆ ನಿಮ್ಮನ್ನ. ನಾಲ್ಕನೇ ದಿನ ರೇಡಿಯೊ ಜೋರು ಮಾಡಿದ್ರಿ. ಹೋಗಿ ಬರ್ಕೊಟ್ಟು ಬಂದೆ. ಒಬ್ಬರೇ ಆದ್ರೆ ಕೋಣೆಗೆ ಜಾಸ್ತಿ ಅಂದ್ರು, ಆಗಲಿ ಅಂದೆ."

"ಹಾಗಾದ್ರೆ ಎರಡು ವಾರದಿಂದ ನಾನು ಓದಿದ್ದು? ಹನ್ನೊಂದು ಪುಸ್ತಕ!"

"ಕೇಳೋಕೆ ಚೆನ್ನಾಗಿತ್ತು."

ಮೇಸ್ತ್ರಿ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದ. "ನಾಳೆ ಸಂಜೆ ಆರರವರೆಗೂ ಇನ್ನೊಂದು ಹೆಸರು ಸೇರಿಸಬಹುದಂತೆ" ಎಂದ.

"ಸೇರಿಸಬಹುದು."

ಅವಳು ಬಟ್ಟೆ ಕೈಯಲ್ಲಿ ಹಿಡಿದು ಕಾದಳು. ಅವನೂ ಕಾದ. ಆಮೇಲೆ ಅವನು "ಆ ಡಬ್ಬ ಮೇಲಿಡ್ಲಾ?" ಎಂದು ಕೇಳಿದ. ಅವಳು ಕೊಟ್ಟಳು. ಒಂದೊಂದಾಗಿ ಎಲ್ಲ ಡಬ್ಬಗಳನ್ನೂ ಅವನು ಮೇಲಿಟ್ಟ.

ಶನಿವಾರ ಮೇಸ್ತ್ರಿ ಹಿತ್ತಲಿನ ನಲ್ಲಿ ಬಿಚ್ಚಿ ಕೂತ. ತೊಟ್ಟಿಕ್ಕುತ್ತಿದ್ದ ನಲ್ಲಿಗೆ ವಾಷರ್ ಹಾಕಲು ಅರ್ಧ ಗಂಟೆ ಸಾಕಾಗಿತ್ತು. ಅವನು ಪೈಪನ್ನೂ ಬಿಚ್ಚಿದ. ಮಗಳು ಅಂಗಡಿಯಿಂದ ಮೂರು ಸಲ ಅವನಿಗೆ ಫೋನ್ ಮಾಡಿದಳು. "ಅಪ್ಪ, ಹೋದೆಯಾ?" "ಕೈ ಒದ್ದೆ ಇದೆ." "ಕೈ ಒರೆಸ್ಕೊಂಡು ಹೋಗು. ಇಲ್ಲ, ಅಮ್ಮನ್ನ ಕೇಳು, ನಾನೂ ಬರ್ಲಾ ಅಂತ. ಅಷ್ಟೇ ಸಾಕು." "ಅವಳು ಬಾ ಅಂದಿಲ್ಲ." "ಮೊದಲನೇ ವಾರ ನಾಲ್ಕು ದಿನ ಅಂದಿದ್ದು ಏನು ಮತ್ತೆ?"

ಆಪರೇಟರಮ್ಮ ಅವತ್ತು ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಎರಡು ಸಲ ಹಿತ್ತಲಿನ ಬಾಗಿಲವರೆಗೆ ಬಂದು, ನಲ್ಲಿಯ ಕಡೆ ನೋಡಿ, ಒಳಗೆ ಹೋದಳು. ಒಂದು ಸಲ ಚಹಾ ತಂದು ಕಟ್ಟೆಯ ಮೇಲಿಟ್ಟಳು.

"ಆರು ಗಂಟೆ ಆಯ್ತು," ಎಂದು ಅಜ್ಜಿ ಒಳಗಿಂದ ಕೂಗಿದಳು. ಅವಳ ಮಾತ್ರೆಯ ಹೊತ್ತು ಅದು.

ವೀಸಾ ಬಂದು ಹೊರಡುವ ಹೊತ್ತಿಗೆ ಇನ್ನೂ ಐದು ವಾರ ಕಳೆದವು. ಮೇಸ್ತ್ರಿ ಹೆಂಡತಿಯ ಪೆಟ್ಟಿಗೆಯ ಗಾಲಿಗಳಿಗೆ ಎಣ್ಣೆ ಬಿಟ್ಟ, ಹಿಡಿಕೆಗೆ ಗುರುತಿಗೆಂದು ಕೆಂಪು ಬಟ್ಟೆ ಕಟ್ಟಿದ. ಅವಳು ಅಜ್ಜಿಯ ಮಾತ್ರೆಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಪಾಟಿಗೆ ಅಂಟಿಸಿದಳು. ಮಾತು ಬೇಕಾದಷ್ಟು ಆಯಿತು: ಪಾಸ್‌ಪೋರ್ಟ್ ಎಲ್ಲಿಟ್ಟಿದೀಯ, ಗ್ಯಾಸ್ ಹೇಳಿದ್ದೀರಾ, ಬಿಸಿನೀರಿನ ಸ್ವಿಚ್ಚು ಆರಿಸೋದು ಮರೀಬೇಡಿ. ಹೊರಟ ದಿನ ಮಗಳು ವಿಮಾನ ನಿಲ್ದಾಣದವರೆಗೆ ಜೊತೆಗೆ ಹೋದಳು. ಅಜ್ಜಿಯನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲವಾದ್ದರಿಂದ ಮೇಸ್ತ್ರಿ ಗೇಟಿನಲ್ಲಿ ನಿಂತ. ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೂ ಗೇಟಿನ ಚಿಲಕ ಹಾಕಿ ತೆಗೆದು ಮಾಡುತ್ತಿದ್ದ.

ಮೊದಲ ಐದು ದಿನ ಫೋನು ಬಂದದ್ದು ಮಗಳಿಗೆ. ಮಗಳು ಹತ್ತು ನಿಮಿಷ ಮಾತಾಡಿ, ನಕ್ಕು, ಕೊನೆಯಲ್ಲಿ ಫೋನನ್ನು ಅಪ್ಪನ ಕಿವಿಗೆ ಹಿಡಿಯುತ್ತಿದ್ದಳು.

"ಊಟ ಆಯ್ತಾ?"

"ಆಯ್ತು. ನಿನ್ನದು?"

"ಆಯ್ತು. ಅತ್ತೆ?"

"ಮಲಗಿದಾರೆ."

"ಸರಿ, ಇಡ್ತೀನಿ."

ಉಳಿದದ್ದನ್ನು ಮಗಳಿಂದ ಕೇಳಬೇಕಿತ್ತು. ಗುಂಪಿನಲ್ಲಿ ಹತ್ತೊಂಬತ್ತು ಜನರಂತೆ, ಒಂಬತ್ತು ಜೋಡಿ ಮತ್ತು ಅಮ್ಮ. ಊಟದ ಹೋಟೆಲುಗಳಲ್ಲಿ ನಾಲ್ಕು ನಾಲ್ಕು ಜನರ ಮೇಜು. ಎಲ್ಲರೂ ಕೂತ ಮೇಲೆ ಗೈಡು ಅಮ್ಮನಿಗೆ ಎಲ್ಲಾದರೂ ಒಂದು ಕುರ್ಚಿ ಹುಡುಕುತ್ತಾಳಂತೆ. "ನನಗೇನೂ ಬೇಜಾರಿಲ್ಲ, ಕಿಟಕಿ ಇರೋ ಕಡೆ ಸಿಕ್ಕಿದ್ರೆ ಆಯ್ತು" ಅಂದಳಂತೆ. ಮೇಸ್ತ್ರಿ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡ. ಅವನು ಬೇಯಿಸಿದ ಬೇಳೆ ತಳ ಹತ್ತಿತ್ತು.

"ನಿನ್ನ ಹೆಂಡತಿ ಯಾವಾಗ ಬರ್ತಾಳೋ?" ಎಂದು ಅಜ್ಜಿ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು.

"ಇನ್ನು ಏಳು ದಿನ ಅಮ್ಮ."

"ನೆನ್ನೆನೂ ಏಳು ಅಂದೆ."

"ನೆನ್ನೆ ಎಂಟು ಅಂದೆ."

"ಉದ್ದ ಆಯ್ತಪ್ಪ."

"ಹೌದು," ಎಂದ ಮೇಸ್ತ್ರಿ.

ಆರನೆಯ ದಿನ ಮಗಳು ಅಂಗಡಿಯಲ್ಲಿದ್ದಳು. ಅಜ್ಜಿ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಹೊರಗೆ ಕೂತಿದ್ದಳು. ಮೇಸ್ತ್ರಿಯ ಫೋನು ಹೊಡೆದುಕೊಂಡಿತು. ಅವನು ಸೌಟು ಕೆಳಗಿಟ್ಟು ಎತ್ತಿಕೊಂಡ.

"ಅವಳು ಎತ್ತಲಿಲ್ಲ, ಅದಕ್ಕೆ ನಿಮಗೆ ಮಾಡಿದೆ," ಎಂದಳು ಆಪರೇಟರಮ್ಮ. "ಊಟ ಆಯ್ತಾ?"

"ಆಗಬೇಕು. ನಿನ್ನದು ತಿಂಡಿ ಆಯ್ತಾ?"

"ಆಯ್ತು. ಅತ್ತೆ?"

"ಬಿಸಿಲಲ್ಲಿ ಕೂತಿದಾರೆ."

"ಮಾತ್ರೆ?"

"ಕೊಟ್ಟೆ."

"ಸರಿ. ಇಡ್ಲಾ?"

"ಇಡಬೇಡ," ಎಂದ ಮೇಸ್ತ್ರಿ.

ಅವಳು ಕಾದಳು. ಅಲ್ಲಿ ಯಾರೋ ಲೋಟದಲ್ಲಿ ಚಮಚ ತಿರುವುತ್ತಿದ್ದರು, ಯಾವುದೋ ಜೋಡಿ ನಕ್ಕಿತು, ಒಂದು ಕುರ್ಚಿ ಎಳೆದ ಸದ್ದಾಯಿತು. ಅವನು ಒಲೆ ಆರಿಸಿದ. ಇನ್ನೂ ಅವಳ ಉಸಿರು ಕೇಳುತ್ತಿತ್ತು. ಮೇಸ್ತ್ರಿ ಫೋನನ್ನು ಕಿವಿಯಿಂದ ತೆಗೆಯದೆ, ಕಾಲಿನಿಂದ ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಗೋಡೆಗೆ ಒರಗಿ ಕೂತ.